ಭುಜಂಗ ಆಚಾರ್ರು ಎಣ್ಣೆ ಹಚ್ಚಿದ ಪೈಪು

ಸೀತಾಂಗೋಳಿ ಪೇಟೆಯಿಂದ ಬದಿಯಡ್ಕದ ಕಡೆಗೆ ಹೊರಟರೆ ಟಯರ್ ಅಂಗಡಿಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡು ಇಲ್ಲ. ಬಾಗಿಲಿನ ಎರಡೂ ಬದಿಯಲ್ಲಿ ಮಂಚದ ಕಾಲುಗಳು ಗೋಡೆಗೊರಗಿ ನಿಂತಿರುವುದೇ ಗುರುತು. ಒಳಗೆ ಭುಜಂಗ ಆಚಾರಿಯವರು ಮರ ಕಡೆಯುತ್ತಿರುತ್ತಾರೆ. ಅರುವತ್ತೊಂದು ವರ್ಷ, ಕಿವಿ ಸ್ವಲ್ಪ ಮಂದ, ಕೈ ಇನ್ನೂ ನಡುಗುವುದಿಲ್ಲ.

ಶೆಡ್ಡಿನಲ್ಲಿ ಎರಡು ಕಪಾಟುಗಳಿವೆ. ಬಲಗಡೆಯದು ವಾರ್ನಿಷಿನದು: ಮಂಚದ ಕಾಲು, ಉಯ್ಯಾಲೆಯ ಕಂಬ, ದೇವರ ಮಂಟಪದ ಗೋಪುರ. ಎಡಗಡೆಯದರಲ್ಲಿ ಲಟ್ಟಣಿಗೆ, ಕಡೆಗೋಲು, ಮರದ ಸೌಟು, ಹಲ್ಲು ಬರುವ ಮಕ್ಕಳು ಕಚ್ಚಲಿಕ್ಕೆಂದು ಮಾಡಿದ ಮರದ ಬಳೆ. ಬಾಯಿಗೆ ಹೋಗುವ ಸಾಮಾನಿಗೆ, ಬಾಯಿಗೆ ಹೋಗುವುದನ್ನು ಮುಟ್ಟುವ ಸಾಮಾನಿಗೆ ವಾರ್ನಿಷ್ ಹಾಕಬಾರದು ಎಂಬುದು ಅವರ ತಂದೆಯಿಂದ ಬಂದ ನಿಯಮ. ತಂದೆ ಮೀಂಜದಲ್ಲಿ ಹಗ್ಗ ಎಳೆದು ತಿರುಗಿಸುವ ಲೇತಿನಲ್ಲಿ ಕಡೆಯುತ್ತಿದ್ದವರು. ಎಡಗಡೆಯ ಸಾಮಾನಿಗೆ ಅವರು ಹಾಕುತ್ತಿದ್ದದ್ದು ತೆಂಗಿನೆಣ್ಣೆ ಮಾತ್ರ. ಬಟ್ಟೆಯಲ್ಲಿ ಅದ್ದಿ ಉಜ್ಜಿ, ಮೂರು ದಿನ ಬಿಸಿಲು ತೋರಿಸಿ, ಮತ್ತೆ ಉಜ್ಜುವುದು. ಮಗ ಸೀತಾಂಗೋಳಿಗೆ ಬಂದು ಕರೆಂಟಿನ ಲೇತ್ ಹಾಕಿದ ಮೇಲೂ ಎಣ್ಣೆಯ ಬಾಟಲಿ ಅದೇ ಜಾಗದಲ್ಲಿ, ಎಡಗಡೆಯ ಕಪಾಟಿನ ಕೆಳಗೆ ಉಳಿಯಿತು. ಮೂವತ್ತೈದು ವರ್ಷಗಳಲ್ಲಿ ಆ ಶೆಡ್ಡಿನಿಂದ ಹೋದ ಒಂದು ಸಾಮಾನೂ ತಿರುಗಿ ಬಂದಿಲ್ಲ. ಇದನ್ನು ಆಚಾರಿಯವರು ಯಾರಿಗೂ ಹೇಳುವುದಿಲ್ಲ. ಹೇಳುವ ಅಗತ್ಯವಿಲ್ಲದಷ್ಟು ಜನರಿಗೆ ಗೊತ್ತಿದೆ ಎಂದು ಅವರ ನಂಬಿಕೆ.

ಹೋದ ಡಿಸೆಂಬರಿನಲ್ಲಿ ಬದಿಯಡ್ಕದ ಶರತ್ಚಂದ್ರ ಭಟ್ಟರು ಆ ಶೆಡ್ಡಿಗೆ ತಂಬಾಕು ಸೇದುವ ಒಂದು ಪೈಪು ತಂದರು.

ಭಟ್ಟರು ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು. ಮೂವತ್ತು ವರ್ಷ ಸಮುದ್ರದಲ್ಲಿದ್ದು, ಈಗ ಬದಿಯಡ್ಕ ಪೇಟೆಯಲ್ಲಿ ಗೊಬ್ಬರದಂಗಡಿಯ ಮಾಳಿಗೆಯ ಎರಡು ಕೋಣೆಗಳಲ್ಲಿ ಇದ್ದಾರೆ. ಮದುವೆಯಾದವರಲ್ಲ. ಹೊತ್ತು ಕಳೆಯಲಿಕ್ಕೆ ಊರವರ ಪಂಪು ರಿಪೇರಿ ಮಾಡುತ್ತಾರೆ, ಅಡಿಗೆ ತಾವೇ. ಅವರ ಸಾರಿಗೆ ಪೇಟೆಯಲ್ಲಿ ಹೆಸರಿದೆ. ಭಾನುವಾರ ಮಧ್ಯಾಹ್ನ ಆ ಸಾರಿಗೆಂದೇ ಇಬ್ಬರೋ ಮೂವರೋ ಮೆಟ್ಟಿಲು ಹತ್ತುವುದುಂಟು. ಪೈಪು ಸೇದುವುದು ಮಾತ್ರ ಒಬ್ಬರೇ, ವಾರಕ್ಕೆ ಒಂದೇ ಸಲ, ಭಾನುವಾರ ಸಂಜೆ. ಡಾಕ್ಟರು ಪೂರ್ತಿ ಬಿಡಿ ಎಂದಿದ್ದರು. ಭಟ್ಟರು ಚೌಕಾಸಿ ಮಾಡಿ ವಾರಕ್ಕೊಂದಕ್ಕೆ ಇಳಿಸಿಕೊಂಡಿದ್ದರು.

"ಆಚಾರ್ರೇ, ಇದರ ಕುತ್ತಿಗೆ ಸೀಳಿದೆ," ಎಂದು ಅವರು ಕರವಸ್ತ್ರದಿಂದ ಪೈಪನ್ನು ಬಿಡಿಸಿ ಮುಂದಿಟ್ಟರು. "ಒಂದು ಹಿತ್ತಾಳೆ ಉಂಗುರ ಹಾಕಿ ಬಿಗಿ ಮಾಡ್ಲಿಕ್ಕೆ ಆಗ್ತದಾ?"

ಆಚಾರಿಯವರು ಕನ್ನಡಕ ಏರಿಸಿ ನೋಡಿದರು. ಕೈಗೆ ತಗೊಂಡ ಕೂಡಲೇ ಮರ ಗೊತ್ತಾಗಲಿಲ್ಲ. ಅದು ಅವರಿಗೆ ಅಪರೂಪ.

"ಇದು ಯಾವ ಮರ ಭಟ್ರೇ?"

"ಮರ ಅಲ್ಲ, ಬೇರು. ಹೊರದೇಶದ ಒಂದು ಪೊದೆಯ ಬೇರಿನ ಗಂಟು. ಬೆಂಕಿ ಇಟ್ಟರೂ ಹೊತ್ತಿಕೊಳ್ಳುವುದಿಲ್ಲ."

"ನಿಮ್ಮ ಹತ್ತಿರ ಇದೊಂದೇ ಇರುವುದಾ?"

"ನಾಲ್ಕು ಉಂಟು. ಆದರೆ ಲೆಕ್ಕಕ್ಕೆ ಇದೇ." ಭಟ್ಟರು ಸ್ಟೂಲಿನ ಮೇಲೆ ಕುಳಿತರು. ಪೈಪಿನ ವಿಷಯ ಕೇಳುವವರು ಅವರಿಗೆ ಸಿಗುವುದು ಕಡಿಮೆ. "ಈ ಬೇರು ಸೇದಿದ್ದನ್ನು ಮರೆಯುವುದಿಲ್ಲ ಆಚಾರ್ರೇ. ಒಂದರಲ್ಲಿ ನಾನು ಚೆರಿ ಹಣ್ಣಿನ ಪರಿಮಳ ಹಾಕಿದ ತಂಬಾಕು ಸೇದಿದ್ದೆ, ಹದಿನೈದು ವರ್ಷದ ಹಿಂದೆ. ಈಗಲೂ ಅದರಲ್ಲಿ ಎಂತ ತುಂಬಿಸಿದರೂ ಚೆರಿಯೇ. ಇನ್ನೊಂದರಲ್ಲಿ ಹೊಗೆಯಲ್ಲಿ ಒಣಗಿಸಿದ ಎಲೆ. ಅದಕ್ಕೆ ಯಾವಾಗಲೂ ಅಟ್ಟದ ವಾಸನೆ. ಮೂರನೆಯದಕ್ಕೆ ವೆನಿಲ್ಲಾ. ಉಪ್ಪಿನಕಾಯಿ ಭರಣಿಯಲ್ಲಿ ಬೆಲ್ಲ ಹಾಕಿದರೆ ಹೇಗೆ, ಹಾಗೆ."

"ಮತ್ತೆ ಇದು?"

"ಇದಕ್ಕೆ ಪರಿಮಳದ್ದು ಯಾವುದೂ ಹಾಕ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಬರೀ ವರ್ಜೀನಿಯಾ ಎಲೆ. ಹೊಸ ತಂಬಾಕು ಬಂದರೆ ರುಚಿ ನೋಡುವುದು ಇದರಲ್ಲೇ. ಇದು ತನ್ನದು ಅಂತ ಎಂತದೂ ಸೇರಿಸುವುದಿಲ್ಲ."

ತಪ್ಪಿ ಪರಿಮಳ ಸೇರಿದ ಪೈಪನ್ನು ಹಡಗಿನಲ್ಲಿ ಹೇಗೆ ಶುದ್ಧ ಮಾಡುತ್ತಿದ್ದರೆಂಬುದನ್ನೂ ಭಟ್ಟರು ಹೇಳಿದರು. ಪೈಪಿನ ತಂಬಾಕು ತುಂಬುವ ಬಟ್ಟಲಿಗೆ ಹತ್ತಿ ತುಂಬಿ, ವಾಸನೆಯಿಲ್ಲದ ಮದ್ಯವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಒಂದು ದಿನ ಇಟ್ಟರೆ ಹತ್ತಿ ಕಂದಾಗಿ ಹಳೆಯದನ್ನು ಎಳೆದುಕೊಳ್ಳುತ್ತದೆ. ಕೆಲವರು ಉಪ್ಪು ತುಂಬುತ್ತಾರೆ; ಉಪ್ಪಿನಿಂದ ಮರ ಸೀಳುವುದುಂಟು. ಅದಕ್ಕೂ ಬಗ್ಗದಿದ್ದರೆ ಇದ್ದಿಲ ಪುಡಿ ತುಂಬಿ ಹದವಾಗಿ ಬಿಸಿ ಮಾಡುವುದು. ಆಚಾರಿಯವರು ಕೇಳಿದರು. ಕೆಲಸದವರ ಗುಟ್ಟು ಯಾವ ಕೆಲಸದ್ದಾದರೂ ಅವರಿಗೆ ಇಷ್ಟ. ಹೊರಡುವಾಗ ಭಟ್ಟರು ಎಡಗಡೆಯ ಕಪಾಟಿನಿಂದ ಒಂದು ಮರದ ಸೌಟು ಆರಿಸಿಕೊಂಡು ಹೋದರು.

ಉಂಗುರದ ಕೆಲಸ ಎರಡು ದಿನದ್ದು. ಹಿತ್ತಾಳೆಯನ್ನು ಕಾಯಿಸಿ ಕುತ್ತಿಗೆಗೆ ಏರಿಸಿ ತಣಿಸಿದಾಗ ಸೀಳು ಕೂದಲೆಳೆಯಷ್ಟೂ ಕಾಣದಂತೆ ಮುಚ್ಚಿತು. ಆಚಾರಿಯವರು ಪೈಪನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಉಂಗುರ ಹೊಳೆಯುತ್ತಿತ್ತು. ಬಟ್ಟಲು ಮಾತ್ರ ಒಣಗಿ ಬೂದು ಹಿಡಿದಂತಿತ್ತು. ಒಳಗೆ ಕರಿಯ ಪದರ, ಭಟ್ಟರೇ ಕೆರೆದು ಕೆರೆದು ನಾಣ್ಯದ ದಪ್ಪಕ್ಕೆ ಇಟ್ಟುಕೊಂಡದ್ದು. ಎಣ್ಣೆ ಕಾಣದ ಸಾಮಾನು ಎಂದು ಅವರಿಗೆ ಅನಿಸಿತು. ಬಾಯಿಗೆ ಹೋಗುವ ಸಾಮಾನು. ಯೋಚಿಸಿ ಮಾಡಿದ ಕೆಲಸವಲ್ಲ. ಕೈ ತಾನಾಗಿ ಎಡಗಡೆಯ ಕಪಾಟಿನ ಕೆಳಗೆ ಹೋಯಿತು. ಹೊರಗೆ ಉಜ್ಜಿದರು. ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೂ ಉಜ್ಜಿದರು, ಬುಡದವರೆಗೆ. ಕರಿಯ ಪದರ ಎಣ್ಣೆಯನ್ನು ಕುಡಿದು ಗುರುತೂ ಉಳಿಸಲಿಲ್ಲ. ಒಂದು ದಿನ ಬಿಸಿಲಿಗಿಟ್ಟು ಮತ್ತೊಂದು ಸುತ್ತು ಉಜ್ಜಿದರು.

ಶುಕ್ರವಾರ ಭಟ್ಟರು ಬಂದು ಉಂಗುರವನ್ನು ಉಗುರಿನಿಂದ ತಟ್ಟಿ ನೋಡಿ, "ಹಡಗಿನ ವರ್ಕ್‌ಶಾಪಿನಲ್ಲಿ ನೀವು ಇರಬೇಕಿತ್ತು," ಎಂದರು. ಆಚಾರಿಯವರಿಗೆ ಆ ಮಾತು ಸಂಜೆಯವರೆಗೆ ಸಾಕಾಯಿತು.

ಸೋಮವಾರ ಬೆಳಿಗ್ಗೆ ಫೋನು ಬಂತು. ಶೆಡ್ಡಿನಲ್ಲಿ ಉಯ್ಯಾಲೆಯ ಕಂಬಕ್ಕೆಂದು ಬಂದ ಗಿರಾಕಿಗಳು ನಿಂತಿದ್ದರು.

"ಆಚಾರ್ರೇ, ನಾನು ಭಟ್ಟ. ಉಂಗುರ ಒಳ್ಳೆದಾಗಿದೆ. ಒಂದು ಕೇಳ್ಲಿಕ್ಕೆ ಇತ್ತು. ಪೈಪಿನ ಒಳಗೆ ನೀವು ಎಂತಾದರೂ ಹಾಕಿದ್ದೀರಾ?"

"ಒಳಗಾ? ಯಾಕೆ?"

"ನಿನ್ನೆ ಸೇದುವಾಗ ಒಂದು ವಾಸನೆ. ಹಳೆ ಎಣ್ಣೆಯಲ್ಲಿ ಹಪ್ಪಳ ಕರಿದ ಹಾಗೆ."

ಗಿರಾಕಿಗಳು ಕಂಬವನ್ನು ಸವರುತ್ತ ಇತ್ತಲೇ ನೋಡುತ್ತಿದ್ದರು. ಆಚಾರಿಯವರ ಬಾಯಿಯಿಂದ ಮಾತು ಬಂದೇಬಿಟ್ಟಿತು. "ಒಳಗೆ ನಾನು ಎಂತದೂ ಮಾಡ್ಲಿಲ್ಲ ಭಟ್ರೇ. ಉಂಗುರ ಮಾತ್ರ."

"ಹೌದಾ? ಹಾಗಾದರೆ ಸರಿ," ಎಂದು ಭಟ್ಟರು ಫೋನು ಇಟ್ಟರು.

ಮಧ್ಯಾಹ್ನ ಊಟಕ್ಕೆ ಹೋದಾಗ ಆಚಾರಿಯವರು ಹೆಂಡತಿ ಅಮ್ಮುವಿಗೆ ಸಂಗತಿ ಹೇಳಿದರು. ಹೇಳಿದ ಸುಳ್ಳನ್ನೂ ಸೇರಿಸಿ. ಅಮ್ಮು ಮೂವತ್ತು ವರ್ಷ ಬೀಡಿ ಕಟ್ಟಿದವರು. ಸೇದಿದವರಲ್ಲ, ಆದರೆ ತಂಬಾಕಿನ ಮಟ್ಟಿಗೆ ಅವರ ಮೂಗು ತಪ್ಪಿದ್ದು ಯಾರಿಗೂ ನೆನಪಿಲ್ಲ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಕೊಟ್ಟ ತಂಬಾಕಿನ ಹುಡಿಯಲ್ಲಿ ಹಳೆಯದು ಬೆರೆತಿದ್ದರೆ ಚೀಲ ಬಿಚ್ಚುವ ಮೊದಲೇ ಹೇಳುತ್ತಿದ್ದರು.

"ತಂಬಾಕಿಗೆ ಎಣ್ಣೆ ತಾಗಿಸಿದಿರಾ?" ಎಂದು ಅವರು ಅನ್ನದ ಸೌಟನ್ನು ಅಲ್ಲೇ ನಿಲ್ಲಿಸಿದರು. "ನಾನು ಒಮ್ಮೆ ಬೀಡಿ ಕಟ್ಟುವ ಗೆರಸೆಯಲ್ಲಿ ಎಣ್ಣೆ ಸವರಿದ ಹಪ್ಪಳ ಒಣಗಿಸಿದ್ದಕ್ಕೆ ಆ ವಾರದ ಬೀಡಿ ಪೂರಾ ವಾಪಸ್ ಬಂದಿತ್ತು. ಮರೆತಿರಾ?"

"ಅದು ಬಿದಿರು ಹೆಣೆದ ಗೆರಸೆ. ಇದು ಬೇರಿನ ಗಂಟು."

"ಗಂಟೇ. ಈಗ ಬಿಡಿಸಿ. ಫೋನು ಮಾಡಿ ಹೇಳಿ, ಹಚ್ಚಿದ್ದು ಹೌದು ಅಂತ."

"ಎರಡು ಸಲ ಸೇದಿದರೆ ಎಣ್ಣೆ ಸುಟ್ಟು ಹೋಗ್ತದೆ ಮಾರಾಯ್ತಿ. ಸುಮ್ಮನೆ ಯಾಕೆ?"

ಸೌಟಿಗೆ ಹಾಕಿದ ಎಣ್ಣೆ ಸಾರಿನಲ್ಲಿ ಕೂರುತ್ತದೆ, ಲಟ್ಟಣಿಗೆಯದು ಹಿಟ್ಟಿನಲ್ಲಿ. ಸುಡುವ ಸಾಮಾನಿನಲ್ಲಿ ಎಣ್ಣೆ ಏನಾಗುತ್ತದೆಂಬುದನ್ನು ನೋಡುವ ಪ್ರಮೇಯ ಅವರಿಗೆ ಎಂದೂ ಬಂದಿರಲಿಲ್ಲ. ಆ ವಾರ ಫೋನು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಆಚಾರಿಯವರು ಸುಟ್ಟು ಹೋಯಿತೆಂದೇ ತಿಳಿದರು.

ಮೂರನೆಯ ಭಾನುವಾರ ಕಳೆದ ಮಂಗಳವಾರ ಬದಿಯಡ್ಕದ ಕಡೆಯ ಬಸ್ಸಿನಿಂದ ಭಟ್ಟರು ಇಳಿದರು. ಕಂಕುಳಲ್ಲಿ ಒಂದು ತಗಡಿನ ಪೆಟ್ಟಿಗೆ. ಸ್ಟೂಲಿನ ಮೇಲೆ ಅದನ್ನಿಟ್ಟು ಮುಚ್ಚಳ ತೆಗೆದರು. ಒಳಗೆ ನಾಲ್ಕು ಪೈಪುಗಳು ಬಟ್ಟೆಯ ಮೇಲೆ ಮಲಗಿದ್ದವು. ಒಂದರ ಕುತ್ತಿಗೆಯಲ್ಲಿ ಹಿತ್ತಾಳೆ.

"ಇವು ನಿಮ್ಮಲ್ಲಿ ಇರಲಿ ಆಚಾರ್ರೇ. ಮರದ ಬೆಲೆ ಗೊತ್ತಿರುವವರು ನೀವು. ಸೇದುವುದು ಬಿಟ್ಟೆ."

"ಡಾಕ್ಟರು ಹೇಳಿದರಾ?"

"ಡಾಕ್ಟರು ಹೇಳಿದರೆ ನಾನು ಬಿಡುವವನಾ?" ಭಟ್ಟರು ನಕ್ಕರು, ಆದರೆ ನಗು ಬೇಗ ಮುಗಿಯಿತು. "ನಾಲಿಗೆ ಹೋಯಿತು. ಹೋದ ವರ್ಷ ಜ್ವರ ಬಂದಾಗ ಒಂದೂವರೆ ತಿಂಗಳು ನನಗೆ ಕಾಫಿಯೂ ಬಿಸಿನೀರೂ ಒಂದೇ ಆಗಿತ್ತು. ಪೂರ್ತಿ ಸರಿಯಾಗಿದೆ ಅಂತ ತಿಳಿದಿದ್ದೆ. ಆಗಿಲ್ಲ. ಮೂರು ಭಾನುವಾರವೂ ಅದೇ ಹಪ್ಪಳ."

"ಅದು ಬೇರೆ ಎಂತಾದರೂ..."

"ಬೇರೆ ಎಂತ? ನಾನು ಕೂತು ಲೆಕ್ಕ ಹಾಕಿದೆ. ತಂಬಾಕು ಅದೇ ಡಬ್ಬಿದು. ಪೈಪಿನ ಒಳಗೆ ನೀವು ಕೈ ಹಾಕ್ಲಿಲ್ಲ. ಅದೆರಡನ್ನು ಬಿಟ್ಟರೆ ಉಳಿಯುವುದು ನಾನು. ಬೇರೆ ಪೈಪಿನಲ್ಲಿ ನೋಡುವ ಅಂದರೆ ಅವಕ್ಕೆಲ್ಲ ಅವುಗಳದ್ದೇ ವಾಸನೆ. ಇಲ್ಲದ ಹಪ್ಪಳ ಹೇಳುವ ನಾಲಿಗೆ ಉಪ್ಪನ್ನು ಸರಿಯಾಗಿ ಹೇಳ್ತದೆ ಅಂತ ಎಂತ ಧೈರ್ಯ? ಸಾರು ಮಾಡುವುದನ್ನೂ ನಿಲ್ಲಿಸಿದೆ. ಈಗ ಹೋಟೆಲಿನಿಂದ ತರಿಸುವುದು."

ಆಚಾರಿಯವರ ಕೈಯಲ್ಲಿದ್ದ ಉಪ್ಪುಕಾಗದ ತಿಕ್ಕುವುದನ್ನು ನಿಲ್ಲಿಸಿತ್ತು. "ಭಟ್ರೇ, ಆ ದಿವಸ ನಾನು..." ಎಂದರು.

"ಛೆ, ನಿಮ್ಮ ಮೇಲೆ ನನಗೆ ಸಂಶಯವೇ ಇಲ್ಲ," ಎಂದು ಭಟ್ಟರು ಕೈ ಅಡ್ಡ ಹಿಡಿದರು. "ಕೇಳಿದ್ದೇ ತಪ್ಪಾಯಿತು ಅಂತ ಆಮೇಲೆ ಅನಿಸಿತು."

ಆ ಮಾತಿನ ಮೇಲೆ ಆಚಾರಿಯವರಿಗೆ ತಮ್ಮ ಮಾತನ್ನು ಇಡಲಾಗಲಿಲ್ಲ. "ಒಂದು ವಾರ ಇಲ್ಲಿರಲಿ. ಭಾನುವಾರ ನಾನೇ ಅಲ್ಲಿಗೆ ಬರ್ತೇನೆ," ಎಂದಷ್ಟೇ ಹೇಳಿದರು. ಭಟ್ಟರು ಯಾಕೆಂದು ಕೇಳಲಿಲ್ಲ. ಬಸ್ಸು ಬರುವವರೆಗೆ ಟಯರ್ ಅಂಗಡಿಯ ನೆರಳಲ್ಲಿ ನಿಂತಿದ್ದರು, ಕೈಗಳು ಖಾಲಿ.

ಪೆಟ್ಟಿಗೆಯನ್ನು ನೋಡಿದ ಅಮ್ಮು ಕೂಗಾಡಲಿಲ್ಲ. ಉಂಗುರದ ಪೈಪನ್ನು ಎತ್ತಿ ಮೂಸಿದರು. "ತಣ್ಣಗಿರುವಾಗಲೇ ಉಂಟು," ಎಂದು ಕೆಳಗಿಟ್ಟರು. ಮತ್ತೆ, "ನಿಮ್ಮ ಹೆಸರು ಉಳಿಯಲಿಕ್ಕೆ ಅವರ ನಾಲಿಗೆ ತೆಗೆದಿರಿ," ಎಂದರು.

"ಸರಿ ಮಾಡಿ ಕೊಟ್ಟರೆ ನಾಲಿಗೆ ಬಂದ ಹಾಗೇ ಅಲ್ವಾ? ಅವರಿಗೆ ಗೊತ್ತಾಗುವ ಅಗತ್ಯವೂ ಇಲ್ಲ."

"ನಿಮಗೆ ಅಷ್ಟೇ ಬೇಕಾದರೆ ಹಾಗೇ ಮಾಡಿ ಮಾರಾಯ್ರೇ."

ಆಚಾರಿಯವರು ಬುಧವಾರ ಕೆಲಸ ಶುರು ಮಾಡಿದರು. ಮೊದಲು ಕೈಗೆ ಸಿಕ್ಕಿದ್ದು ವಾರ್ನಿಷಿಗೆ ಬೆರೆಸುವ ಸ್ಪಿರಿಟ್ಟು. ಬಾಟಲಿಯ ಬಿರಡೆ ತೆಗೆಯುವಷ್ಟರಲ್ಲಿ ಊಟದ ಬುತ್ತಿ ತಂದಿದ್ದ ಅಮ್ಮು ಅದನ್ನು ಕಸಿದುಕೊಂಡರು. "ಅದು ವಿಷ! ನಾಲಿಗೆ ತೆಗೆದದ್ದು ಸಾಕಾಗ್ಲಿಲ್ವಾ?" ಬಾಯಿಗೆ ಹೋಗುವ ಸಾಮಾನು ಎಂಬ ನಿಯಮ ಆಚಾರಿಯವರಿಗೆ ಆಗ ನೆನಪಾಯಿತು. ಎರಡನೆಯ ಸಲ ತಪ್ಪುವುದರಲ್ಲಿದ್ದರು. ಕುಡಿಯುವ ಮದ್ಯವೇ ಬೇಕು, ಹೋಗಿ ತನ್ನಿ ಎಂದರು ಅಮ್ಮು. ಹುಟ್ಟಿದಂದಿನಿಂದ ಆಚಾರಿಯವರು ಅದನ್ನು ಮುಟ್ಟಿರಲಿಲ್ಲ.

ಬಸ್ಸು ಹಿಡಿದು ಕಾಸರಗೋಡಿಗೆ ಹೋಗಿ ಸರಕಾರದ ಮದ್ಯದಂಗಡಿಯ ಸಾಲಿನಲ್ಲಿ ನಿಂತರು. ಬಿಳಿ ಅಂಗಿ, ಮಡಿಸಿದ ಚೀಲ. ತಿಳಿದವರು ಯಾರೂ ಇರಲಾರರೆಂದು ಅಷ್ಟು ದೂರ ಹೋದದ್ದು. ಸಾಲಿನಲ್ಲಿ ನಾಲ್ಕು ಜನರ ಆಚೆಯೇ ಸೀತಾಂಗೋಳಿಯಲ್ಲಿ ಆಟೋ ಓಡಿಸುವ ಪುರಂದರ ನಿಂತಿದ್ದ.

"ಆಚಾರ್ರೇ! ಎಂತದಿದು? ಸೂರ್ಯ ಎಲ್ಲಿ ಹುಟ್ಟಿದ ಇವತ್ತು?"

"ಒಂದು ಕೆಲಸಕ್ಕೆ ಬೇಕಿತ್ತು."

"ನಾವೆಲ್ಲ ಕೆಲಸಕ್ಕೇ ಬಂದದ್ದು!" ಎಂದ ಪುರಂದರ. ಸಾಲು ನಕ್ಕಿತು.

ಕಿಟಕಿಯ ಹತ್ತಿರ ಬಂದಾಗ ಆಚಾರಿಯವರು ಮಲಯಾಳದಲ್ಲಿ ಕೇಳಿದರು, "ವಾಸನೆ ಇಲ್ಲದ್ದು ಯಾವುದುಂಟು?" ಒಳಗಿದ್ದವನು ಮೇಲೆ ಕೆಳಗೆ ನೋಡಿದ. ಹಿಂದಿನಿಂದ ಯಾರೋ, "ಅಜ್ಜನಿಗೆ ಹೆಂಡತಿಗೆ ಗೊತ್ತಾಗದ್ದು ಬೇಕಂತೆ," ಎಂದರು.

"ಹೆಂಡತಿಯೇ ಕಳಿಸಿದ್ದು," ಎಂದರು ಆಚಾರಿಯವರು. ಅದು ಸತ್ಯವಾಗಿದ್ದರೂ ಯಾರೂ ನಂಬಲಿಲ್ಲ. ಸಾಲು ಇನ್ನೂ ಜೋರಾಗಿ ನಕ್ಕಿತು. ವೋಡ್ಕಾದ ಬಾಟಲಿಯನ್ನು ಚೀಲದ ಬುಡಕ್ಕೆ ಇಳಿಸಿ, ಮೇಲೆ ಒಂದು ಕಟ್ಟು ಬಸಳೆ ಹೊದೆಸಿ ಊರಿಗೆ ಬಂದರು.

ಬಟ್ಟಲಿಗೆ ಹತ್ತಿ ತುಂಬಿ, ಔಷಧದ ತೊಟ್ಟಿಕ್ಕುವ ನಳಿಗೆಯಿಂದ ವೋಡ್ಕಾ ಬಿಟ್ಟು ನಿಲ್ಲಿಸಿದರು. ಗುರುವಾರ ತೆಗೆದಾಗ ಹತ್ತಿ ಚಹಾದ ಬಣ್ಣಕ್ಕೆ ಬಂದಿತ್ತು, ಬೆರಳಿಗೆ ಜಿಡ್ಡು ಹತ್ತಿತು. ಹೊಸ ಹತ್ತಿ ತುಂಬಿದರು. ಶುಕ್ರವಾರ ಅದು ತೆಳು ಕಂದು. ಅಮ್ಮು ಮೂಸಿ ನೋಡಿ ತಲೆಯಾಡಿಸಿದರು. ಹಪ್ಪಳ ಇತ್ತು.

ಇನ್ನು ಇದ್ದಿಲು. ಅಮ್ಮುವಿನ ಇಸ್ತ್ರಿ ಪೆಟ್ಟಿಗೆಗೆಂದು ಇಟ್ಟಿದ್ದ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಇದ್ದಿಲನ್ನು ಅವರೇ ಕುಟ್ಟಿ ಬಟ್ಟೆಯಲ್ಲಿ ಸೋಸಿ ಕೊಟ್ಟರು. "ತೆಂಗಿನಕಾಯಿಯದ್ದೇ ತಪ್ಪು, ಅದರ ಗೆರಟೆಯೇ ತಿದ್ದಲಿ," ಎಂದರು. ಸೊಟ್ಟ ಕೋಲನ್ನು ನೆಟ್ಟಗೆ ಮಾಡಲು ಬಿಸಿ ಹೊಯಿಗೆಯಲ್ಲಿ, ಮರಳಿನಲ್ಲಿ, ಹೂಳುವ ಕ್ರಮ ಆಚಾರಿಯವರಿಗೆ ತಂದೆಯ ಕಾಲದಿಂದ ಗೊತ್ತು. ಬಾಯಿಗಿಡುವ ಕರಿ ಕೊಳವೆಯನ್ನು ಬಿಚ್ಚಿಟ್ಟು, ಬಟ್ಟಲಿಗೆ ಇದ್ದಿಲ ಹುಡಿ ತುಂಬಿ, ಬಾಣಲೆಯ ಹೊಯಿಗೆಯಲ್ಲಿ ಕುತ್ತಿಗೆಯವರೆಗೆ ಹೂತರು. ಬೆಂಕಿ ಸಣ್ಣದು, ಹೊಯಿಗೆಯನ್ನು ಕೈಯಿಂದ ಮುಟ್ಟಬಹುದು, ಹಿಡಿದಿರಲಾಗದು, ಅಷ್ಟು ಬಿಸಿ. ಶುಕ್ರವಾರ ಮೂರು ಗಂಟೆ, ಶನಿವಾರ ನಾಲ್ಕು ಗಂಟೆ. ಅಷ್ಟು ಹೊತ್ತು ಅವರು ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಮಂಚದ ಕಾಲು ಕೇಳಲು ಬಂದವರನ್ನು ಸೋಮವಾರ ಬನ್ನಿ ಎಂದು ಕಳಿಸಿದರು.

ಶನಿವಾರ ಸಂಜೆ ಹುಡಿಯನ್ನು ಕೊಡವಿ ಬಿಸಿಬಿಸಿ ಬಟ್ಟಲನ್ನು ಅಮ್ಮುವಿನ ಮೂಗಿಗೆ ಹಿಡಿದರು. ಅಮ್ಮು ಕಣ್ಣು ಮುಚ್ಚಿದರು. ಹೊರಗೆ ಹೋಗಿ ಗಾಳಿ ತೆಗೆದುಕೊಂಡು ಬಂದು ಮತ್ತೊಮ್ಮೆ ಮೂಸಿದರು.

"ಮೇಲೆ ಹೋಗಿದೆ."

"ಕೆಳಗೆ?"

"ಬುಡದ್ದು ನನಗೆ ಗೊತ್ತಾಗುವುದಿಲ್ಲ. ಅದು ಬೆಂಕಿ ಅಲ್ಲಿಗೆ ಇಳಿದಾಗಲೇ ಗೊತ್ತಾಗುವುದು." ಮತ್ತೆ, "ನಾಳೆ ಹೇಳ್ತೀರಾ?" ಎಂದು ಕೇಳಿದರು.

ಆಚಾರಿಯವರು ಪೈಪನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು.

ಭಾನುವಾರ ನಾಲ್ಕೂವರೆಗೆ ಅವರು ಗೊಬ್ಬರದಂಗಡಿಯ ಮಾಳಿಗೆಯ ಮೆಟ್ಟಿಲು ಹತ್ತಿದರು. ಭಟ್ಟರ ಕೋಣೆಯ ಮೂಲೆಯಲ್ಲಿ ಸ್ಟೌ, ಮೊಳೆಗೆ ತೂಗುಹಾಕಿದ ಆ ಮರದ ಸೌಟು, ಮೇಜಿನ ಮೇಲೆ ಹೋಟೆಲಿನ ಖಾಲಿ ಪಾರ್ಸೆಲ್ ಕಟ್ಟು. ಆಚಾರಿಯವರು ಪೆಟ್ಟಿಗೆ ಇಟ್ಟು ಉಂಗುರದ ಪೈಪನ್ನು ತೆಗೆದು ಕೊಟ್ಟರು.

"ಸ್ವಲ್ಪ ಶುದ್ಧ ಮಾಡಿದ್ದೇನೆ. ಒಮ್ಮೆ ಸೇದಿ ನೋಡಿ."

"ಬಿಟ್ಟದ್ದಲ್ವಾ ನಾನು?"

"ಇವತ್ತು ಭಾನುವಾರ ಅಲ್ವಾ?"

ಭಟ್ಟರು ಅರೆಮನಸ್ಸಿನಿಂದಲೇ ತಂಬಾಕಿನ ಡಬ್ಬಿ ತೆರೆದರು. ಕೈಗಳಿಗೆ ಮಾತ್ರ ಅರೆಮನಸ್ಸಿರಲಿಲ್ಲ. ಎಲೆಯನ್ನು ಬಿಡಿಸಿ, ತುಂಬಿ, ಹೆಬ್ಬೆರಳಿನಿಂದ ಅಳೆದು ಒತ್ತಿ, ಕಡ್ಡಿ ಗೀರಿದರು. ಮೊದಲ ಹೊಗೆಯನ್ನು ಬಾಯಿಯಲ್ಲಿ ಹಿಡಿದು ಬಿಟ್ಟರು. ಎರಡನೆಯದು. ಕಿಟಕಿಯ ಕೆಳಗೆ ಮುಳ್ಳೇರಿಯದ ಬಸ್ಸು ಹಾರ್ನು ಹಾಕಿ ಹೋಯಿತು.

"ಒಣ ಹುಲ್ಲು," ಎಂದರು ಭಟ್ಟರು ಮೆಲ್ಲಗೆ. ಮತ್ತೆ ಸ್ವಲ್ಪ ಹೊತ್ತಿಗೆ, "ಹಿಂದಿನಿಂದ ಸ್ವಲ್ಪ ಸಿಹಿ." ಬೆನ್ನು ಕುರ್ಚಿಗೆ ಒರಗಿತು. "ಬಂತು ಆಚಾರ್ರೇ. ನಾಲಿಗೆ ವಾಪಸ್ ಬಂತು."

ಆಚಾರಿಯವರಿಗೆ ಎದೆಯ ಮೇಲಿನ ಮರದ ದಿಮ್ಮಿ ಇಳಿದಂತಾಯಿತು. ಇನ್ನು ಹೇಳುವ ಅಗತ್ಯವಿರಲಿಲ್ಲ. ಹೇಳಿ ಸಂತೋಷ ಕೆಡಿಸುವುದು ಯಾಕೆ ಎಂದೂ ಯೋಚಿಸಿದರು. ಆರೂ ಕಾಲಿನ ಬಸ್ಸಿಗೆ ಇನ್ನೂ ಹೊತ್ತಿದ್ದರೂ ಎದ್ದು ಅಂಗಿಯ ಮಡಿಕೆ ಸರಿಮಾಡಿಕೊಂಡರು. ಆದರೆ ಬಾಗಿಲ ಕಡೆಗೆ ಹೋಗಲಾಗಲಿಲ್ಲ. ಬೆಂಕಿ ಬಟ್ಟಲಿನ ಅರ್ಧ ದಾಟಿತ್ತು. ಅವರು ನಿಂತೇ ಅದನ್ನು ನೋಡಿದರು.

ಬಟ್ಟಲಿನ ಬುಡ ಹತ್ತಿರ ಬಂದಾಗ ಭಟ್ಟರು ಪೈಪನ್ನು ಬಾಯಿಯಿಂದ ತೆಗೆದರು. ಒಮ್ಮೆ ನೋಡಿದರು. ಮತ್ತೊಮ್ಮೆ ಎಳೆದು, ಮೆಲ್ಲಗೆ ಮೇಜಿನ ಮೇಲಿಟ್ಟರು.

"ಪುನಃ ಹಪ್ಪಳ," ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಇರಲಿ. ಇಪ್ಪತ್ತು ನಿಮಿಷವಾದರೂ ಇತ್ತಲ್ಲ. ಎಪ್ಪತ್ತೆರಡು ವರ್ಷದ ನಾಲಿಗೆ, ಅಷ್ಟು ಕೆಲಸ ಮಾಡಿದ್ದೇ ದೊಡ್ಡದು."

"ಅದು ನಾಲಿಗೆ ಅಲ್ಲ ಭಟ್ರೇ." ಆಚಾರಿಯವರಿಗೆ ತಮ್ಮ ಸ್ವರವೇ ಗಟ್ಟಿಯಾಗಿ ಕೇಳಿತು. "ತೆಂಗಿನೆಣ್ಣೆ. ನಾನೇ ಹಚ್ಚಿದ್ದು. ಒಳಗೂ ಹಚ್ಚಿದ್ದೆ, ಎರಡು ಸಲ. ನೀವು ಫೋನಿನಲ್ಲಿ ಕೇಳಿದಾಗ ಸುಳ್ಳು ಹೇಳಿದೆ."

ಭಟ್ಟರು ತಲೆಯೆತ್ತಿದರು.

"ತೆಂಗಿನೆಣ್ಣೆಯಾ?"

"ಹೌದು. ನಮ್ಮಲ್ಲಿ ಬಾಯಿಗೆ ಹೋಗುವ ಸಾಮಾನಿಗೆ ಅದನ್ನೇ ಹಾಕುವುದು. ಕೈ ಹೋಯಿತು."

"ಹೊಸ ಎಣ್ಣೆಯಾ, ಹಳತಾ?"

"ಬಾಟಲಿಯ ಬುಡದ್ದು. ಮಳೆಗಾಲಕ್ಕೆ ಮೊದಲಿನದು. ಸ್ವಲ್ಪ ಕಮಟು ಬಂದಿತ್ತು."

"ಹಳೆ ಎಣ್ಣೆ ಅಂತ ನಾನು ಮೊದಲ ದಿವಸವೇ ಹೇಳಿದ್ದೆ!" ಭಟ್ಟರು ಮೇಜಿಗೆ ಅಂಗೈ ತಟ್ಟಿದರು. ಎದ್ದು ಕಿಟಕಿಯವರೆಗೆ ಹೋಗಿ ತಿರುಗಿದರು. ಮುಖ ಕೆಂಪಾಗಿತ್ತು. "ಹೊಸ ಎಣ್ಣೆ ಹೇಳ್ಲಿಲ್ಲ, ತುಪ್ಪ ಹೇಳ್ಲಿಲ್ಲ. ಹಳೆ ಎಣ್ಣೆಯಲ್ಲಿ ಹಪ್ಪಳ. ಹೌದಾ ಅಲ್ವಾ?"

"ಹೌದು."

"ಮೂರು ಭಾನುವಾರ ಆಚಾರ್ರೇ. ಮೂರು! ಇದ್ದದ್ದೇ ವಾರಕ್ಕೊಂದು. ಅದು ಹೋದದ್ದು ಹೋಗಲಿ. ಹೋಟೆಲಿನ ಸಾಂಬಾರು ತಿಂದೆನಲ್ಲ, ನನ್ನ ನಾಲಿಗೆಯನ್ನು ನಾನೇ ನಂಬದೆ! ಹಚ್ಚಿದೆ ಅಂತ ಒಂದು ಮಾತು ಹೇಳಿದ್ದರೆ ಎಂತ ಹೋಗ್ತಿತ್ತು ನಿಮ್ಮದು?"

ಏನು ಹೋಗುತ್ತಿತ್ತೆಂದು ಆಚಾರಿಯವರಿಗೆ ಗೊತ್ತಿತ್ತು, ಮೂವತ್ತೈದು ವರ್ಷದ ಹೆಸರು. ಈಗ ಈ ಕೋಣೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಭಟ್ಟರು ಪೈಪನ್ನು ಎತ್ತಿ ಅವರ ಮೂಗಿನ ಹತ್ತಿರ ತಂದರು. "ಮೂಸಿ ನೋಡಿ. ಬಿಸಿ ಇರುವಾಗ."

ಆಚಾರಿಯವರು ಮೂಸಿದರು. ತಂಬಾಕು, ಬೂದಿ, ಅದರಡಿಯಲ್ಲಿ, ತೀರ ಕೆಳಗೆ, ಮದುವೆ ಮನೆಯ ಹಿಂಬದಿಯಲ್ಲಿ ಕೊನೆಯ ಪಂಕ್ತಿಗೆ ಕರಿಯುವ ಹಪ್ಪಳದ ಬಾಣಲೆ.

"ಉಂಟು," ಎಂದರು.

"ಉಂಟಲ್ವಾ?" ಭಟ್ಟರ ಸ್ವರ ಇಳಿದಿತ್ತು. "ಇನ್ನು ನಾಲ್ಕೈದು ಸಲ ಖಾರದ ತಂಬಾಕು ಸೇದಿದರೆ ಬುಡದ್ದೂ ಹೋದೀತು."

"ಅದಕ್ಕೂ ಹೋಗದಿದ್ದರೆ?"

"ಹೋಗದಿದ್ದರೆ ಇದು ಹಪ್ಪಳದ ಪೈಪು. ಚೆರಿದು ಒಂದುಂಟು, ವೆನಿಲ್ಲಾದ್ದು ಉಂಟು, ಹೊಗೆದು ಉಂಟು. ಹಪ್ಪಳದ್ದೂ ಒಂದಿರಲಿ." ಪೈಪನ್ನು ಆರಲು ಬಿಟ್ಟು ಅವರು ಸ್ಟೌವಿನ ಕಡೆ ನಡೆದರು. ಟೊಮೆಟೊ ಎಷ್ಟಿದೆಯೆಂದು ಬುಟ್ಟಿ ಕೆದಕಿದರು. "ಕೂತುಕೊಳ್ಳಿ. ಆರೂ ಕಾಲಿನದ್ದು ಹೋದರೆ ಏಳಕ್ಕೆ ಇನ್ನೊಂದು ಬಸ್ಸುಂಟು."

ಆಚಾರಿಯವರು ಕೂತರು. ಭಟ್ಟರು ಹುಣಸೆಹುಳಿ ಕಿವುಚಿದರು, ಬೇಳೆ ಬೇಯಿಸಿದರು, ಒಗ್ಗರಣೆಗೆ ಸಾಸಿವೆ ಸ್ವಲ್ಪ ಜಾಸ್ತಿಯೇ ಹಾಕಿದರು. ಮೊಳೆಯಿಂದ ಸೌಟು ತೆಗೆದು ಕಲಕುವಾಗ ಅದರ ಹಿಡಿಯನ್ನು ಒಮ್ಮೆ ಮೂಸಿ, "ಇದಕ್ಕೆ ಹಾಕಿದ್ದು ಸರಿ," ಎಂದರು.

ಸಾರು ಕುದಿಯಿತು. ಭಟ್ಟರು ಒಂದು ಸೌಟು ಎತ್ತಿ, ಊದಿ, ಅಂಗೈಗೆ ಎರಡು ಹನಿ ಬಿಟ್ಟು ನೆಕ್ಕಿದರು. ಆಚಾರಿಯವರು ಕುರ್ಚಿಯ ತುದಿಗೆ ಬಂದು ಕಾದರು. ರುಚಿ ನೋಡಿ ಎಂದು ಭಟ್ಟರು ಅವರ ಕಡೆಗೆ ಸೌಟು ಚಾಚಲಿಲ್ಲ. ಯಾರನ್ನೂ ಕೇಳದೆ ಉಪ್ಪಿನ ಭರಣಿಗೆ ಕೈಹಾಕಿ, ಬೆರಳ ತುದಿಯಲ್ಲಿ ಹಿಡಿಯುವಷ್ಟು ಹರಳುಪ್ಪು ತೆಗೆದು ಪಾತ್ರೆಗೆ ಹಾಕಿದರು. ಮತ್ತೆ ನೋಡಲೂ ಇಲ್ಲ. ಎರಡು ಲೋಟಗಳಿಗೆ ಸಾರು ಬಗ್ಗಿಸಿದರು.

ಅದರಲ್ಲಿ ಉಪ್ಪು ಸರಿಯಾಗಿತ್ತು.